ಕೃತಕ ಕೈ ಟ್ರಯಲ್‌ಗೆ ಕರೆದಿದ್ದಾರೆ, ಹೋಗಿ ಬಂದವರು ಯಾರಾದರೂ ಇದ್ದೀರಾ?

ತಿರುಗಣಿ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದಿಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು. ಎಡಗೈಲಿ ಒಂದೊಂದೇ ಅಕ್ಷರ ಒತ್ತಬೇಕು, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನಗೆ 34 ವರ್ಷ. ಏಳು ತಿಂಗಳ ಹಿಂದೆ ಮಷೀನಿಗೆ ಸಿಕ್ಕಿ ಬಲಗೈ ಹೋಯ್ತು. ಮೊಣಕೈ ಉಳಿದಿದೆ, ಅದರ ಕೆಳಗೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಇದೆ. ಬರೀತಿದ್ದದ್ದು, ಸ್ಪ್ಯಾನರ್ ಹಿಡೀತಿದ್ದದ್ದು ಎಲ್ಲ ಅದೇ ಕೈ. ಈಗ ನೋಡೋಕಷ್ಟೇ ಚೆಂದ ಇರೋ ಒಂದು ಕೈ ಕೊಟ್ಟಿದ್ದಾರೆ, ಅದು ಬೀರುವಿನಲ್ಲಿದೆ.

ಹೋದ ವಾರ ಒಂದು ಸಂಶೋಧನಾ ತಂಡದಿಂದ ಫೋನ್ ಬಂತು. ಬೆರಳು ಬೇರೆಬೇರೆಯಾಗಿ ಆಡೋ ಮೋಟಾರ್ ಕೈ ಕೊಡ್ತಾರಂತೆ. ಅದನ್ನ ನಡೆಸೋ ಎರಡು ವಿಧಾನ ಇವೆ, ಒಂದೊಂದನ್ನೂ ಎಂಟೆಂಟು ವಾರ ಮನೇಲಿ ಬಳಸಬೇಕು, ಯಾವುದು ಮೊದಲು ಅಂತ ಚೀಟಿ ಎತ್ತಿ ತೀರ್ಮಾನ. ಒಪ್ಪಿಗೆ ಪತ್ರ 14 ಪುಟ ಇದೆ, ಎರಡು ಸಲ ಓದಿದೆ, ಅರ್ಧ ಅರ್ಥ ಆಯ್ತು. ಅಮ್ಮ ಮಾತ್ರ 'ಅವರ ಪ್ರಯೋಗಕ್ಕೆ ನೀನು ಇಲಿ ಆಗ್ಬೇಡ' ಅಂತ ಒಂದೇ ಹಟ.

ಇನ್ನೂ ಎರಡು ವಿಷಯ ತಲೆ ತಿಂತಿವೆ. ಕೈ ಹೋದ 30 ದಿನದೊಳಗೆ ಕೃತಕ ಕೈ ಹಾಕಿಸದಿದ್ದರೆ ಆಮೇಲೆ ಒಗ್ಗೋದೇ ಇಲ್ಲ ಅಂತ ಎಲ್ಲೋ ಓದಿದೆ. ನಂದು ಏಳು ತಿಂಗಳಾಗಿ ಹೋಯ್ತಲ್ಲ. ಇನ್ನೊಂದು, ಇಲ್ಲದ ಕಿರುಬೆರಳನ್ನ ಯಾರೋ ತಿರುಚಿ ಹಿಡಿದ ಹಾಗೆ ರಾತ್ರಿ ಹೊತ್ತು ನೋವು. ಅದಕ್ಕೆ ನರ ಬೇರೆ ಕಡೆ ಜೋಡಿಸೋ ಆಪರೇಷನ್ ಇದೆ, ಅದರದ್ದೂ ಒಂದು ಅಧ್ಯಯನ ನಡೀತಿದೆ ಅಂತ ಡಾಕ್ಟರ್ ಹೇಳಿದ್ರು. ಗೊತ್ತಿರೋರು ಬಿಡಿಸಿ ಹೇಳಿ.

ಹಳೇ ಹುಕ್ಕು:

ತಮ್ಮಾ, ಮೊದಲು ಕೇಬಲ್ ಹುಕ್ಕು ಕಲಿ. 22 ವರ್ಷದಿಂದ ಹಾಕ್ತಿದ್ದೀನಿ. ಎರಡು ಕವಲಿನ ಈ ಹುಕ್ಕಿಗೆ ಡಾರೆನ್ಸ್ ಅನ್ನೋರು ಪೇಟೆಂಟ್ ಪಡೆದದ್ದು 1912ರಲ್ಲಿ. ತಾನೂ ಕೈ ಕಳ್ಕೊಂಡಿದ್ದ ಮನುಷ್ಯ. ಅಲ್ಲಿಂದ ಇಲ್ಲಿವರೆಗೂ ಇದು ಉಳಿದಿದೆ ಅಂದರೆ ಸುಮ್ಮನೆ ಅಲ್ಲ. ಭುಜ ಮುಂದಕ್ಕೆ ತಂದರೆ ತೆರೆಯುತ್ತೆ, ಬಿಟ್ಟರೆ ರಬ್ಬರ್ ಬ್ಯಾಂಡ್ ಎಳೆದು ಮುಚ್ಚುತ್ತೆ. ಎಷ್ಟು ತೆರೆದಿದೆ ಅಂತ ಕಣ್ಣು ಹಾಯಿಸಬೇಕಿಲ್ಲ, ಬೆನ್ನ ಮೇಲಿನ ಪಟ್ಟಿ ಎಷ್ಟು ಜಗ್ಗುತ್ತೋ ಅದರಲ್ಲೇ ಗೊತ್ತಾಗುತ್ತೆ. ಮೋಟಾರ್ ಕೈಗೆ ಆ ಗುಣ ಇಲ್ಲ. 2016ರಲ್ಲಿ ಜ್ಯೂರಿಕ್‌ನಲ್ಲಿ ಸೈಬಾಥ್ಲಾನ್ ಅಂತ ಪಂದ್ಯ ಇಟ್ಟಿದ್ರು. ಕೃತಕ ತೋಳಿನ ವಿಭಾಗದಲ್ಲಿ ಅಷ್ಟೊಂದು ಮೋಟಾರ್ ಕೈಗಳ ನಡುವೆ ಗೆದ್ದದ್ದು ಕೇಬಲ್ ಎಳೆದು ನಡೆಸೋ ಕೈ. ಟ್ರಯಲ್‌ಗೆ ಹೋಗಬೇಡ ಅಂತ ನಾನು ಹೇಳ್ತಿಲ್ಲ. ವಾಪಸ್ ಬಂದಾಗ ಕೈಯಲ್ಲಿ ಏನಾದರೂ ಇರಲಿ ಅಂತ ಹೇಳ್ತಿದ್ದೀನಿ.

ಎಡಗೈ ಅಕ್ಷರ:

ನಾನು ಹೋಗಿ ಬಂದವಳು. ನಾಲ್ಕು ವರ್ಷದ ಹಿಂದೆ, ಹೆಚ್ಚುಕಡಿಮೆ ನೀವು ಹೇಳಿದಂಥದ್ದೇ ಟ್ರಯಲ್. ನನ್ನದೂ ಬಲಗೈ, ಮೊಣಕೈ ಕೆಳಗೆ, ಹೋಗಿ ಹನ್ನೊಂದು ವರ್ಷ. ಸ್ವಲ್ಪ ಉದ್ದ ಬರೆಯುತ್ತೇನೆ. ಆಗ ನನಗೆ ಹೀಗೆ ಕೂರಿಸಿಕೊಂಡು ಹೇಳುವವರು ಯಾರೂ ಸಿಕ್ಕಿರಲಿಲ್ಲ.

ಎರಡು ವಿಧಾನ ಅಂದರೆ ಬಹುಶಃ ಇವು. ಒಂದು ಹಳೆಯದು. ಮುಂಗೈಯ ಒಳಮಗ್ಗುಲಿಗೆ ಒಂದು ಎಲೆಕ್ಟ್ರೋಡ್ (ಸ್ನಾಯು ಬಿಗಿದಾಗ ಹುಟ್ಟುವ ವಿದ್ಯುತ್ ಮಿಡಿತವನ್ನು ಚರ್ಮದ ಮೇಲಿಂದ ಹಿಡಿಯುವ ಬಿಲ್ಲೆ), ಹೊರಮಗ್ಗುಲಿಗೆ ಒಂದು. ಇಲ್ಲದ ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದರೆ ಕೈ ಮುಚ್ಚುತ್ತೆ, ಹೊರಕ್ಕೆ ಎತ್ತಿದರೆ ತೆರೆಯುತ್ತೆ. ಮುಷ್ಟಿ ಹಿಡಿತದಿಂದ ಚಿಟಿಕೆ ಹಿಡಿತಕ್ಕೆ ಹೋಗಬೇಕಾದರೆ ಎರಡೂ ಸ್ನಾಯು ಒಟ್ಟಿಗೆ ಗಕ್ಕನೆ ಬಿಗಿಯಬೇಕು, ಗೇರು ಬದಲಿಸಿದ ಹಾಗೆ. ಇನ್ನೊಂದು ಪ್ಯಾಟರ್ನ್ ರೆಕಗ್ನಿಷನ್. ಅದರಲ್ಲಿ ಎಂಟು ಎಲೆಕ್ಟ್ರೋಡ್ ಬಳೆಯ ಹಾಗೆ ಸುತ್ತಲೂ ಕೂತಿರುತ್ತವೆ. ಇಲ್ಲದ ಕೈಯಲ್ಲಿ ಚಿಟಿಕೆ ಮಾಡಿ ಮೂರು ಸೆಕೆಂಡು ಹಿಡಿಯಿರಿ ಅನ್ನುತ್ತಾರೆ, ಆಮೇಲೆ ಮುಷ್ಟಿ, ಆಮೇಲೆ ಅಂಗೈ ತಿರುಗಿಸುವುದು. ಒಂದೊಂದಕ್ಕೂ ಸ್ನಾಯುಗಳು ಬೇರೆ ಬೇರೆ ಥರ ಮಿಡಿಯುತ್ತವೆ, ಆ ಮಿಡಿತವನ್ನು ಯಂತ್ರ ಗುರುತಿಟ್ಟುಕೊಳ್ಳುತ್ತೆ. ಗೇರು ಬದಲಿಸುವ ಗೋಜಿಲ್ಲ, ಅಂದುಕೊಂಡದ್ದನ್ನು ಮಾಡಿದರಾಯಿತು.

ಕೇಳೋಕೆ ಎರಡನೆಯದೇ ಸುಲಭ. ಆದರೆ ನನ್ನ ಇಲ್ಲದ ಕೈ ಏಳು ವರ್ಷದಿಂದ ಮುಷ್ಟಿ ಬಿಗಿದುಕೊಂಡೇ ಇತ್ತು. ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ತೋರುಬೆರಳಿಗೆ ತಾಗಿಸಬೇಕು ಅಂದರೆ ಹಣೆಯಲ್ಲಿ ಬೆವರು. ಸುಮಾರು ಹತ್ತು ದಿನವಾದ ಮೇಲೆ ಒಂದು ಬೆಳಗ್ಗೆ ಹೆಬ್ಬೆರಳು ತಾನಾಗಿ ಹೊರಬಂದ ಹಾಗಾಯಿತು. ಅತ್ತುಬಿಟ್ಟೆ. ಕಂಪ್ಯೂಟರ್ ಪರದೆಯಲ್ಲಿ ಒಂದು ಗೆರೆ ಮೇಲೆದ್ದದ್ದು ಬಿಟ್ಟರೆ ಹೊರಗೆ ಕಾಣುವಂಥದ್ದು ಏನೂ ನಡೆದಿರಲಿಲ್ಲ.

ಈಗ ಮುಖ್ಯ ವಿಷಯ. ಪ್ರಯೋಗಾಲಯದಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ, ನಡುವೆ ಅಡ್ಡಗೋಡೆ, ಒಂದು ಕಡೆ ಎರಡೂವರೆ ಸೆಂಟಿಮೀಟರಿನ ಮರದ ತುಂಡುಗಳು. ಒಂದು ನಿಮಿಷದಲ್ಲಿ ಎಷ್ಟನ್ನು ಆಚೆ ಹಾಕುತ್ತೀರಿ ಅಂತ ಎಣಿಸುತ್ತಾರೆ. ನನ್ನದು ಹಳೆ ವಿಧಾನದಲ್ಲಿ 17, ಹೊಸದರಲ್ಲಿ 23. ಎಲ್ಲರಿಗೂ ಖುಷಿ, ನನಗೂ ಖುಷಿ. ಅದೇ ವಾರ ಮನೆಯಲ್ಲಿ ಒದ್ದೆ ದುಪ್ಪಟಿ ಒಣಗಿಸಲು ಹೋದೆ. ದುಪ್ಪಟಿಯ ತುದಿಯನ್ನು ಬಲಗೈಯಲ್ಲಿ ಹಿಡಿದು ತಂತಿಯ ಮೇಲೆ ಹಾಕಲು ತೋಳು ಎತ್ತಿದೆ. ತೋಳು ಕಿವಿಯ ಮಟ್ಟಕ್ಕೆ ಬರುತ್ತಿದ್ದಂತೆ ಕೈ ತಾನಾಗಿ ತೆರೆದುಕೊಂಡಿತು, ದುಪ್ಪಟಿ ಮಣ್ಣಿಗೆ ಬಿತ್ತು. ಮತ್ತೆ ಹಿಂಡಿ ಮತ್ತೆ ಎತ್ತಿದೆ, ಮತ್ತೆ ಬಿತ್ತು. ಮೂರನೇ ಸಲಕ್ಕೆ ಕೈ ಬಿಚ್ಚಿ ಮೂಲೆಯಲ್ಲಿಟ್ಟು, ಹಲ್ಲಲ್ಲಿ ಕಚ್ಚಿ ಒಣಗಿಸಿದೆ, ಯಾವಾಗಲೂ ಮಾಡುವ ಹಾಗೆ.

ಆ ದಿನ ಡೈರಿಯಲ್ಲಿ ಅದನ್ನು ಬರೆಯಲೇ ಇಲ್ಲ. ತಪ್ಪು ನನ್ನದು ಅಂದುಕೊಂಡೆ. ದಿನಕ್ಕೆ ಎಷ್ಟು ಗಂಟೆ ಹಾಕಿಕೊಂಡೆ ಅಂತ ಬರೆಯಬೇಕಿತ್ತು, ಒಂಬತ್ತು ಅಂತ ಬರೆದೆ. ಮುಂದಿನ ಭೇಟಿಯಲ್ಲಿ ಕೈಯೊಳಗಿನ ಚಿಪ್‌ನಲ್ಲಿದ್ದ ದಾಖಲೆ ತೆಗೆದರು. ಅದು ನಾಲ್ಕು ಅಂತಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ದಾಖಲೆ ನೋಡುತ್ತಿದ್ದ ಹುಡುಗಿ ಗದರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು 'ಉಳಿದ ಐದು ಗಂಟೆ ಯಾಕೆ ಬಿಚ್ಚಿಟ್ರಿ, ಅದನ್ನೇ ಹೇಳಿ ಮೇಡಂ, ನಮಗೆ ಬೇಕಾದದ್ದು ಅದೇ' ಅಂದಳು.

ಆಗ ದುಪ್ಪಟಿ ಕಥೆ ಹೇಳಿದೆ. ಅವರಿಗೆ ಕಾರಣ ಗೊತ್ತಿತ್ತು. ನಾನು ಯಂತ್ರಕ್ಕೆ ಪಾಠ ಹೇಳಿದ್ದೆಲ್ಲ ಕುರ್ಚಿಯಲ್ಲಿ ಕೂತು, ಮೊಣಕೈ ಮಡಚಿಕೊಂಡು. ತೋಳು ಮೇಲೆತ್ತಿದಾಗ ಅದೇ ಸ್ನಾಯು ಬೇರೆ ಥರ ಬಿಗಿಯುತ್ತೆ, ಸಾಕೆಟ್, ಅಂದರೆ ಉಳಿದ ತೋಳನ್ನು ತೂರಿಸುವ ಗವಸು, ಒಂದು ಕೂದಲೆಳೆ ಜಾರುತ್ತೆ, ಎಲೆಕ್ಟ್ರೋಡ್ ಬೇರೆ ಜಾಗ ಮುಟ್ಟುತ್ತೆ. ಯಂತ್ರ ಅದನ್ನು 'ತೆರೆ' ಅಂತ ಓದಿಕೊಳ್ಳುತ್ತೆ. ಅವತ್ತು ನಿಲ್ಲಿಸಿ, ತೋಳು ಮೇಲೆ, ಪಕ್ಕಕ್ಕೆ, ಕೆಳಗೆ ಇಳಿಬಿಟ್ಟು, ಎಲ್ಲಾ ಭಂಗಿಯಲ್ಲೂ ಪಾಠ ಮತ್ತೆ ಮಾಡಿಸಿದರು. ಅದಾದ ಮೇಲೆ ದುಪ್ಪಟಿ ಬೀಳುವುದು ಪೂರ್ತಿ ನಿಂತಿತು ಅನ್ನಲಾರೆ, ಹತ್ತಕ್ಕೆ ಎಂಟು ಸಲ ನಿಂತಿತು.

ತಿರುಗಣಿ, ನಾನು ಹೇಳಬೇಕಾದ್ದು ಇದೇ. ನೀವು ಅಲ್ಲಿಗೆ ಪರೀಕ್ಷೆ ಬರೆಯಲು ಹೋಗುತ್ತಿಲ್ಲ. ಪಾಸಾಗುವುದೋ ಫೇಲಾಗುವುದೋ ಆ ಕೈ, ನೀವು ಅದಕ್ಕೆ ಸಾಕ್ಷಿ. ಅವರು ಒಳ್ಳೆಯವರು, ನಮಗಾಗಿ ಕಷ್ಟಪಡುತ್ತಿದ್ದಾರೆ, ಬೇಜಾರು ಮಾಡಬಾರದು ಅಂತ ಅನಿಸುತ್ತೆ. ಹಾಗಂತ ಸೇರಿಸಿ ಬರೆದ ಐದು ಗಂಟೆ ಮುಂದೆ ಆ ಕೈ ಹಾಕುವ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತೆ. ಬೆವರಿಗೆ ಎಲೆಕ್ಟ್ರೋಡ್ ಕೆಟ್ಟರೆ ಬರೆಯಿರಿ. ಮೊಣಕೈ ಹತ್ತಿರ ಸಾಕೆಟ್ ಅಂಚು ಉಜ್ಜಿ ಕೆಂಪಾದರೆ ಫೋಟೋ ತೆಗೆಯಿರಿ. ಸದ್ದಿಲ್ಲದ ಕೋಣೆಯಲ್ಲಿ ಮೋಟಾರ್ ಗುಂಯ್ ಅಂದಾಗ ಜನ ತಿರುಗಿ ನೋಡಿದ್ದಕ್ಕೆ ಬಿಚ್ಚಿಟ್ಟಿದ್ದರೆ ಅದನ್ನೂ ಬರೆಯಿರಿ, ಅದು ಸಣ್ಣ ವಿಷಯ ಅಲ್ಲವೇ ಅಲ್ಲ.

ಒಳ್ಳೆಯದನ್ನೂ ಹೇಳಬೇಕು. ಒಂದೇ ಕೈ ಇರುವವರಿಗೆ ಆ ಇರುವ ಕೈಯ ಉಗುರು ಕತ್ತರಿಸಿಕೊಳ್ಳಲು ಆಗುವುದಿಲ್ಲ. ಎರಡು ಕೈ ಇರುವವರಿಗೆ ಇದು ಹೊಳೆಯುವುದೇ ಇಲ್ಲ. ಏಳು ವರ್ಷ ನನ್ನ ಎಡಗೈ ಉಗುರು ತಂಗಿ ಕತ್ತರಿಸುತ್ತಿದ್ದಳು. ಟ್ರಯಲ್‌ನ ಹದಿಮೂರನೇ ವಾರ, ಬಾಗಿಲು ಹಾಕಿಕೊಂಡು, ನೇಲ್ ಕಟರನ್ನು ಆ ಕೈಯ ಚಿಟಿಕೆಯಲ್ಲಿ ಹಿಡಿದು, ಒಂದೊಂದೇ ಉಗುರು. ನಲವತ್ತು ನಿಮಿಷ. ಕಿರುಬೆರಳಿನದು ಸೊಟ್ಟಗೆ ಹೋಯಿತು. ತಂಗಿಗೆ ಫೋಟೋ ಕಳಿಸಿದೆ.

ಈಗ ನೋವಿನ ಮಾತು. ಹದಿನಾರು ವಾರ ಮುಗಿದ ದಿನ ಕೈ ವಾಪಸ್ ಕೊಡಬೇಕು. ಅದು ಒಪ್ಪಿಗೆ ಪತ್ರದಲ್ಲಿ ಒಂದೇ ಸಾಲಿನಲ್ಲಿತ್ತು, ನಾನು ಸಹಿ ಹಾಕುವಾಗ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಕೈ ಬಿಚ್ಚಿ ಮೇಜಿನ ಮೇಲಿಟ್ಟೆ, ಸೀರಿಯಲ್ ನಂಬರ್ ನೋಡಿ ಗುರುತು ಹಾಕಿಕೊಂಡರು, ಸ್ಪಂಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮನೆಗೆ ಬಂದ ಮೇಲೂ ವಾರಗಟ್ಟಲೆ ಇಲ್ಲದ ಹೆಬ್ಬೆರಳು ತೋರುಬೆರಳನ್ನು ಹುಡುಕುತ್ತಿತ್ತು. ಅದಕ್ಕೆ ಯಾರೂ ನನ್ನನ್ನು ಸಿದ್ಧಮಾಡಿರಲಿಲ್ಲ, ಆ ಬಗ್ಗೆ ಇವತ್ತಿಗೂ ನನಗೆ ಸಿಟ್ಟಿದೆ. 'ಕೊನೆಯ ದಿನದ ಮಾರನೇ ದಿನ ನನ್ನ ಬಳಿ ಏನಿರುತ್ತದೆ' ಅಂತ ಈಗಲೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಇಷ್ಟಾದರೂ, ಮತ್ತೆ ಕರೆದರೆ ನಾನು ಹೋಗುತ್ತೇನೆ.

ಥೆರಪಿ ಕೋಣೆ:

ನಾನು ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಮಾಡಿಸುವುದು ನನ್ನ ಕೆಲಸ. ಇಂಥ ಅಧ್ಯಯನಗಳಲ್ಲಿ ಕೈಯ ಪರೀಕ್ಷೆ ಮಾಡುವ ಕೆಲಸ ಮಾಡಿದ್ದೇನೆ. ಮೇಲಿನ ಮೇಡಂ ಬರೆದದ್ದನ್ನು ನಮ್ಮ ತಂಡದಲ್ಲಿ ಹೊಸದಾಗಿ ಸೇರುವವರಿಗೆ ಓದಿಸಬೇಕು ಅನಿಸಿತು.

30 ದಿನದ ಮಾತು ಮೊದಲು. ಅದು 1984ರಲ್ಲಿ ಮಲೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಬೇಗ ಕೃತಕ ಕೈ ಹಾಕಿಸಿಕೊಂಡವರು ಹೆಚ್ಚಾಗಿ ಬಳಕೆ ಮುಂದುವರಿಸಿದರು ಎಂದು ಅವರು ಕಂಡರು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅದಲ್ಲ. ಗಾಯ ಬೇಗ ಮಾಯುವವರು, ಸೋಂಕಾಗದವರು, ಮನೆಯವರ ಆಸರೆ ಇರುವವರು ಬೇಗ ಹಾಕಿಸಿಕೊಳ್ಳುವುದೂ ಸಹಜ, ಅವರೇ ಚೆನ್ನಾಗಿ ಬಳಸುವುದೂ ಸಹಜ. ಬೇಗ ಆದರೆ ಒಳ್ಳೆಯದು ಎನ್ನುವುದನ್ನು ನಾನೂ ನಂಬುತ್ತೇನೆ, ಒಂದು ಕೈಯಲ್ಲೇ ಎಲ್ಲ ಮಾಡುವುದು ರೂಢಿಯಾಗಿಬಿಟ್ಟರೆ ಎರಡನೆಯದು ಹೊರೆ ಅನಿಸುತ್ತದೆ. ಆದರೆ ಏಳು ತಿಂಗಳಿಗೆ ಬಾಗಿಲು ಮುಚ್ಚುವುದಿಲ್ಲ. ಎಡಗೈ ಅಕ್ಷರ ಅವರು ಏಳು ವರ್ಷದ ಮೇಲೆ ಕಲಿತದ್ದನ್ನು ನೀವೇ ಓದಿದಿರಿ.

ನಿಮ್ಮ ಏಳು ತಿಂಗಳು ನನ್ನನ್ನು ಬೇರೆ ಕಾರಣಕ್ಕೆ ಯೋಚನೆಗೆ ಹಚ್ಚುತ್ತದೆ. ಮೊದಲ ವರ್ಷ ಸ್ಟಂಪ್ (ಕತ್ತರಿಸಿದ ಮೇಲೆ ಉಳಿದ ತೋಳಿನ ಭಾಗ) ಕುಗ್ಗುತ್ತಲೇ ಇರುತ್ತದೆ, ಊತ ಇಳಿಯುತ್ತದೆ, ಬಳಸದ ಸ್ನಾಯು ಸಣ್ಣಗಾಗುತ್ತದೆ. ಮೊದಲ ವಾರ ಬಿಗಿಯಾಗಿ ಕೂತ ಸಾಕೆಟ್ ಹತ್ತನೇ ವಾರಕ್ಕೆ ಸಡಿಲಾಗಬಹುದು. ಸಡಿಲಾದರೆ ಎಲೆಕ್ಟ್ರೋಡ್ ಚರ್ಮ ಬಿಡುತ್ತದೆ, ಕೈ ಹೇಳಿದ ಮಾತು ಕೇಳುವುದಿಲ್ಲ. ನಿಮಗೆ ಎರಡನೆಯದಾಗಿ ಬಂದ ವಿಧಾನ, ಅದು ಯಾವುದೇ ಆಗಿರಲಿ, ಸುಮ್ಮನೆ ಕೆಟ್ಟ ಹೆಸರು ಹೊರುತ್ತದೆ. ನಡುವೆ ಸಾಕೆಟ್ ಬದಲಿಸಿ ಕೊಡುತ್ತೀರಾ ಎಂದು ಕೇಳಲೇಬೇಕು. ಉತ್ತರ ತಡವರಿಸಿದರೆ ನಾಲ್ಕೈದು ತಿಂಗಳು ತಡೆದು ಸೇರುತ್ತೇನೆ ಎನ್ನಿ.

ಮನೆಯಲ್ಲಿ ಬಳಸುವ ಅಧ್ಯಯನ ಎಂಬುದೇ ನನಗೆ ಸಮಾಧಾನದ ವಿಷಯ. ಪ್ರಯೋಗಾಲಯದಲ್ಲಿ ಮಾಡಿಸುವ ಸೌತಾಂಪ್ಟನ್ ಪರೀಕ್ಷೆ ಎಂದು ಒಂದಿದೆ, 26 ಕೆಲಸ, ಗುಂಡಿ ಹಾಕುವುದು, ಜಿಪ್ ಎಳೆಯುವುದು, ಜಗ್ಗಿನಿಂದ ನೀರು ಬಗ್ಗಿಸುವುದು, ಬೀಗದ ಕೈ ತಿರುಗಿಸುವುದು. ಒಳ್ಳೆಯ ಪರೀಕ್ಷೆ. ಉಗುರು ಕತ್ತರಿಸುವುದು ಅದರಲ್ಲಿಲ್ಲ. ಕೈ ಕೊಟ್ಟ ಮೇಲೆ ಎಷ್ಟು ಜನ ಬಿಟ್ಟುಬಿಡುತ್ತಾರೆ ಎಂದು ಬಿಡ್ಡಿಸ್ ಮತ್ತು ಚಾವ್ 25 ವರ್ಷಗಳ ಅಧ್ಯಯನಗಳನ್ನು ಒಟ್ಟುಹಾಕಿ 2007ರಲ್ಲಿ ಬರೆದರು. ದೊಡ್ಡವರಲ್ಲಿ ಕೇಬಲ್ ಕೈಗೆ ಸರಾಸರಿ 26%, ವಿದ್ಯುತ್ ಕೈಗೆ 23%. ಮಕ್ಕಳಲ್ಲಿ ಇನ್ನೂ ಹೆಚ್ಚು, 45% ಮತ್ತು 35%. ಬಿಟ್ಟವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ನಿಜವಾದ ಕೈಯಷ್ಟೇ ತೂಕದ ಕೃತಕ ಕೈ ಕೂಡ ಭಾರ ಅನಿಸುತ್ತದೆ, ಅದು ಮೂಳೆಗೆ ಸೇರಿಲ್ಲ, ಚರ್ಮಕ್ಕೆ ನೇತುಬಿದ್ದಿದೆ. ಇದಕ್ಕೆಂದೇ ಸ್ವೀಡನ್‌ನಲ್ಲಿ ಮೂಳೆಯೊಳಗೆ ಟೈಟಾನಿಯಂ ಕೂರಿಸಿ, ನರ ಮತ್ತು ಸ್ನಾಯುವಿಗೆ ಎಲೆಕ್ಟ್ರೋಡ್ ಹಾಕಿ, ಸ್ಪರ್ಶವನ್ನೂ ವಾಪಸ್ ಕಳಿಸುವ ತೋಳು ಮಾಡಿದರು. 2020ರಲ್ಲಿ ವರದಿ ಬಂತು, ಮೂರರಿಂದ ಏಳು ವರ್ಷ ದಿನನಿತ್ಯ ಬಳಸಿದವರದ್ದು. ಒಟ್ಟು ನಾಲ್ಕು ಜನ, ಎಲ್ಲರೂ ಮೊಣಕೈ ಮೇಲೆ ಕಳೆದುಕೊಂಡವರು. ನಮ್ಮ ಕ್ಷೇತ್ರದಲ್ಲಿ ಸಂಖ್ಯೆಗಳು ಇಷ್ಟು ಚಿಕ್ಕವು. ನಾಲ್ಕೇ ಜನರಿದ್ದಾಗ ಒಬ್ಬರು ಕೂಡಿಸಿ ಬರೆದರೂ ಕಾಲುಭಾಗ ಸುಳ್ಳು.

ನರದ ಆಪರೇಷನ್ ವಿಷಯ. ಹೆಸರು ಟಿಎಂಆರ್ (ಟಾರ್ಗೆಟೆಡ್ ಮಸಲ್ ರೀಇನ್ನರ್ವೇಷನ್). ಕತ್ತರಿಸಿದ ನರ ಸುಮ್ಮನಿರುವುದಿಲ್ಲ, ಬೆಳೆಯಲು ಹೋಗಿ ದಾರಿ ಸಿಗದೆ ತುದಿಯಲ್ಲಿ ಗಂಟು ಕಟ್ಟುತ್ತದೆ. ಆ ತುದಿಯನ್ನು ಹತ್ತಿರದ ಸ್ನಾಯುವಿನ ಸಣ್ಣ ನರಕ್ಕೆ ಹೊಲಿದರೆ ಅದಕ್ಕೊಂದು ಮನೆ ಸಿಕ್ಕಂತೆ. ಶಿಕಾಗೋದಲ್ಲಿ ಟಾಡ್ ಕುಯ್ಕನ್ ಮತ್ತು ಗ್ರೆಗರಿ ಡುಮಾನಿಯನ್ 2002ರಲ್ಲಿ ಇದನ್ನು ಶುರುಮಾಡಿದ್ದು ನೋವಿಗಲ್ಲ, ಭುಜದಿಂದಲೇ ತೋಳು ಹೋದವರಿಗೆ ಕೃತಕ ತೋಳನ್ನು ಮನಸ್ಸಿನಂತೆ ಆಡಿಸಲು ಸಂಕೇತ ಸಿಗಲಿ ಎಂದು. ನೋವು ತಗ್ಗಿದ್ದು ಆಮೇಲೆ ಗಮನಕ್ಕೆ ಬಂತು. 2019ರಲ್ಲಿ 28 ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಇದು, ಇನ್ನೊಂದಕ್ಕೆ ಗಂಟು ಕತ್ತರಿಸಿ ನರದ ತುದಿಯನ್ನು ಸ್ನಾಯುವಿನೊಳಗೆ ಹುದುಗಿಸುವ ಹಳೆ ವಿಧಾನ ಮಾಡಿ ಹೋಲಿಸಿದರು. ಇಲ್ಲದ ಅಂಗದ ನೋವು ಟಿಎಂಆರ್ ಗುಂಪಿನಲ್ಲಿ ಹೆಚ್ಚು ಇಳಿಯಿತು. ನಿಮಗೆ ಮುಂಗೈ ಸ್ನಾಯು ಇನ್ನೂ ಇರುವುದರಿಂದ ಕೈ ಆಡಿಸಲು ಈ ಆಪರೇಷನ್ ಬೇಕಾಗುವ ಸಂದರ್ಭ ಕಡಿಮೆ, ನೋವಿಗೆ ಯೋಚಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ ಚಾಕುವಿಗೆ ಮೊದಲು ಇಲ್ಲದ ಕೈಯನ್ನು ಆಡಿಸುವ ಅಭ್ಯಾಸ ಮಾಡಿ ನೋಡಿ. 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ನೋವಿದ್ದ 14 ಜನ ಪರದೆಯ ಮೇಲೆ ತಮ್ಮ ಕೈ ಕಾಣುತ್ತಾ 12 ಸಲ ಹೀಗೆ ಅಭ್ಯಾಸ ಮಾಡಿದರು, ನೋವು ಸಾಕಷ್ಟು ಇಳಿಯಿತು. ಹೋಲಿಸಲು ಬೇರೆ ಗುಂಪು ಅದರಲ್ಲಿ ಇರಲಿಲ್ಲ, ಅದು ನೆನಪಿರಲಿ. ಹಾಗಿದ್ದರೂ ಪ್ಯಾಟರ್ನ್ ರೆಕಗ್ನಿಷನ್ ಕಲಿಯುವಾಗ ನೀವು ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಒಂದು ಎಚ್ಚರಿಕೆ. ಎರಡು ಅಧ್ಯಯನಕ್ಕೂ ಒಟ್ಟಿಗೆ ಹೆಸರು ಕೊಡಬೇಡಿ. ಕೈಯ ಟ್ರಯಲ್ ನಡೆಯುವಾಗ ನರದ ಆಪರೇಷನ್ ಆದರೆ ನಿಮ್ಮ ಸ್ನಾಯುವಿನ ಸಂಕೇತಗಳೇ ಬದಲಾಗುತ್ತವೆ.

ಅಮ್ಮನಿಗೆ ಹೀಗೆ ಹೇಳಿ: ಇಲಿಗೆ ಎದ್ದು ಹೋಗುವ ಹಕ್ಕಿಲ್ಲ, ನಿಮಗಿದೆ. ಯಾವ ದಿನವಾದರೂ, ಕಾರಣ ಹೇಳದೆ, ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗದೆ ಬಿಟ್ಟು ಬರಬಹುದು. 1964ರಲ್ಲಿ ಮೊದಲು ಒಪ್ಪಿ, ಆಮೇಲೆ ಹಲವು ಸಲ ತಿದ್ದಿದ ಹೆಲ್ಸಿಂಕಿ ಘೋಷಣೆಯ, ಅಂದರೆ ಮನುಷ್ಯರ ಮೇಲೆ ನಡೆಸುವ ವೈದ್ಯಕೀಯ ಸಂಶೋಧನೆಯ ನೀತಿಯ, ತಳಹದಿ ಇದು. ಟ್ರಯಲ್ ಮುಗಿದ ಮೇಲೆ ಭಾಗವಹಿಸಿದವರಿಗೆ ಏನು ಸಿಗುತ್ತದೆ ಎಂದು ಮೊದಲೇ ತಿಳಿಸಬೇಕು ಎನ್ನುವುದೂ ಅದರಲ್ಲಿದೆ. ಮೇಡಂಗೆ ಆದದ್ದು ಆಗಬಾರದಿತ್ತು.

ತಿರುಗಣಿ:

ಇಷ್ಟು ಜನ ಇಷ್ಟು ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಎಡಗೈ ಅಕ್ಷರ ಅಕ್ಕ ಬರೆದದ್ದನ್ನ ಅಮ್ಮನಿಗೆ ಓದಿ ಹೇಳಿದೆ. ದುಪ್ಪಟಿ ಬಿದ್ದ ಕಡೆ 'ಅಯ್ಯೋ' ಅಂದ್ರು. ಪೂರ್ತಿ ಒಪ್ಪಿಲ್ಲ, ಆದರೆ ಮೊದಲ ಭೇಟಿಗೆ ತಾನೂ ಬರ್ತೀನಿ ಅಂತಿದ್ದಾರೆ.

ತಂಡಕ್ಕೆ ಫೋನ್ ಮಾಡಿ ಸಾಕೆಟ್ ಬಗ್ಗೆ ಕೇಳಿದೆ. ಒಂದು ಸಲ ಬದಲಿಸಿ ಕೊಡ್ತಾರಂತೆ. ಕೈ ಮಾತ್ರ ವಾಪಸ್ ಕೊಡಲೇಬೇಕು, ಸಾಕೆಟ್ ನಂಗೇ ಇರುತ್ತೆ ಅಂದ್ರು. ಬರಹದಲ್ಲಿ ಕೊಡಿ ಅಂದೆ, ಎರಡು ದಿನ ಟೈಮ್ ಕೇಳಿದ್ದಾರೆ. ಹುಕ್ಕು ಅಣ್ಣಾ, ಅಲ್ಲಿವರೆಗೆ ಕೇಬಲ್ ಕೈಗೆ ಅಳತೆ ಕೊಟ್ಟು ಬರ್ತೀನಿ.

ಅಕ್ಕಾ, ಒಂದು ಕೇಳ್ಲಾ? ಕೈ ವಾಪಸ್ ಕೊಟ್ಟ ಮೇಲೆ ಉಗುರು? ನಂದು ಈಗ ಹೆಂಡತಿ ಕತ್ತರಿಸ್ತಾಳೆ. ಅವಳೇನೂ ಅನ್ನಲ್ಲ, ನಂಗೇ ಒಂಥರಾ ಆಗುತ್ತೆ.

ಎಡಗೈ ಅಕ್ಷರ:

ಸ್ವಲ್ಪ ದಿನ ಮತ್ತೆ ತಂಗಿಯೇ ಕತ್ತರಿಸಿದಳು. ಆಮೇಲೆ ಒಂದು ಉಪಾಯ ಸಿಕ್ಕಿತು. ಅಂಗೈಯಗಲದ ಮರದ ಹಲಗೆ ತಗೊಳ್ಳಿ. ದೊಡ್ಡ ನೇಲ್ ಕಟರನ್ನು, ಕಾಲುಗುರಿನದ್ದು, ಬಾಯಿ ಹಲಗೆಯ ಅಂಚಿನಿಂದ ಸ್ವಲ್ಪ ಹೊರಗೆ ಬರುವ ಹಾಗೆ ಇಟ್ಟು, ಕೆಳಗಿನ ತಗಡನ್ನು ಹಲಗೆಗೆ ಗಟ್ಟಿಯಾಗಿ ಅಂಟಿಸಿ ಇಲ್ಲಾ ಸ್ಕ್ರೂ ಹಾಕಿಸಿ. ಹಲಗೆ ಜಾರದಂತೆ ಅಡಿಗೆ ರಬ್ಬರ್ ಇರಲಿ. ಎಡಗೈ ಬೆರಳನ್ನು ಕಟರ್ ಬಾಯಿಗಿಟ್ಟು, ಮೇಲಿನ ಹಿಡಿಯನ್ನು ಬಲ ಮೊಣಕೈಯಿಂದ ಒತ್ತಬೇಕು. ಸ್ಟಂಪಿನ ತುದಿಯಿಂದ ಒತ್ತಬೇಡಿ, ನರದ ಗಂಟು ಇದ್ದರೆ ಜುಂ ಅನ್ನುತ್ತೆ. ಹೆಬ್ಬೆರಳಿಗೆ ಹಲಗೆಯನ್ನು ಅಡ್ಡ ತಿರುಗಿಸಿಕೊಳ್ಳಿ, ನೇರ ಇಟ್ಟರೆ ಕೋನ ಸಿಗುವುದಿಲ್ಲ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಮಾಡಿ.

ಹತ್ತು ನಿಮಿಷದ ಕೆಲಸ ಈಗ. ಕಿರುಬೆರಳಿನದು ಇವತ್ತಿಗೂ ಸೊಟ್ಟಗೇ ಹೋಗುತ್ತೆ.